ರಂಗದ ಕಟಕಟೆ: ಹತ್ತಿ ಹೊಲ, ಹಳೇ ಮನೆ, ಮೃತ್ಯುಪತ್ರ

ಅಮೆರಿಕದ ದಕ್ಷಿಣ ರಾಜ್ಯಗಳ ಮನೆತನದ ನಾಟಕಗಳನ್ನು ಸಾಹಿತ್ಯದ ಮೇಷ್ಟ್ರುಗಳಿಗಿಂತ ಸಿವಿಲ್ ವಕೀಲರು ಚೆನ್ನಾಗಿ ಓದಬಲ್ಲರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ಬಂದವು. ಕೆಲವರು ಬೈದಿದ್ದಾರೆ, ಹಲವರು ಪ್ರಶ್ನೆ ಕೇಳಿದ್ದಾರೆ. ಬೈಗುಳವನ್ನು ಇಟ್ಟುಕೊಂಡು ಪ್ರಶ್ನೆಗಳಿಗೆ ಈ ಸಲದ ಪುಟವನ್ನೆಲ್ಲ ಕೊಟ್ಟಿದ್ದೇನೆ. ಹಗಲು ಧಾರವಾಡದ ಕೋರ್ಟಿನಲ್ಲಿ ವಾಟ್ನಿ (ಆಸ್ತಿ ಪಾಲಿನ) ದಾವೆ, ಸಂಜೆ ಹವ್ಯಾಸಿ ತಂಡದಲ್ಲಿ ತಾಲೀಮು ಎಂದು ತಲೆ ಬೆಳ್ಳಗಾದವನ ಉತ್ತರಗಳಿವು.

ಪ್ರ: ಅಮೆರಿಕದ ‘ದಕ್ಷಿಣ’ ಅಂದರೆ ಎಲ್ಲಿ? ಅಲ್ಲಿನ ನಾಟಕಗಳಲ್ಲಿ ಮನೆಮಂದಿಯೆಲ್ಲ ಅರೆಹುಚ್ಚರ ಹಾಗೆ ಆಡುವುದೇಕೆ?
— ಬಿ.ಎ. ವಿದ್ಯಾರ್ಥಿನಿ, ಬೆಳಗಾವಿ

ಉ: ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಅರ್ಕನ್ಸಾ, ಟೆಕ್ಸಸ್. ಸದ್ಯಕ್ಕೆ ಇಷ್ಟು ಹೆಸರು ಸಾಕು ತಂಗಿ. ಕಪ್ಪು ಜನರನ್ನು ಗುಲಾಮರಾಗಿ ದುಡಿಸಿ ಹತ್ತಿ ಬೆಳೆದ ಸೀಮೆ. ಆ ಪದ್ಧತಿ ಉಳಿಸಿಕೊಳ್ಳಲು 1861ರಿಂದ 1865ರವರೆಗೆ ಕಾದಾಡಿ ಸೋತಿತು. ಜಮೀನ್ದಾರರ ಹತ್ತಿರ ಕಂಬಗಳ ಮನೆ ಉಳಿಯಿತು, ಸಾಲ ಉಳಿಯಿತು, ಮುತ್ತಜ್ಜರ ಬಡಾಯಿ ಉಳಿಯಿತು. ನಾಟಕ ಬರೆಯುವವರಿಗೆ ಇನ್ನೇನು ಬೇಕು!

ಹುಚ್ಚಿನ ಮಾತಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಬೆತ್ ಹೆನ್ಲಿಯ ‘ಕ್ರೈಮ್ಸ್ ಆಫ್ ದ ಹಾರ್ಟ್’ ನಡೆಯುವುದು ಮಿಸಿಸಿಪ್ಪಿಯ ಹೇಜಲ್‌ಹರ್ಸ್ಟ್ ಎಂಬ ಸಣ್ಣ ಊರಿನ ಒಂದು ಅಡುಗೆಮನೆಯಲ್ಲಿ. ಮೂವರು ಅಕ್ಕತಂಗಿಯರು. ಹಿರಿಯಳು ಲೆನ್ನಿಗೆ ಅವತ್ತೇ ಮೂವತ್ತು ತುಂಬಿದೆ. ಮನೆಯಲ್ಲಿ ಯಾರಿಗೂ ಅದರ ಖಬರಿಲ್ಲ. ಬಿಸ್ಕತ್ತಿನ ಮೇಲೆ ಮೇಣದಬತ್ತಿ ನಿಲ್ಲಿಸಿ ತನಗೆ ತಾನೇ ಹಾಡಿಕೊಳ್ಳುತ್ತಾಳೆ. ಕಿರಿಯಳು ಬೇಬ್ ಗಂಡನ ಹೊಟ್ಟೆಗೆ ಗುಂಡು ಹೊಡೆದು, ಒಳಗೆ ಹೋಗಿ ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಕುಡಿದು, ನಿನಗೂ ಬೇಕೇನು ಎಂದು ಅವನನ್ನೂ ವಿಚಾರಿಸಿದವಳು. ಯಾಕೆ ಹೊಡೆದೆ ಎಂದರೆ ಅವನ ಮೋರೆ ನನಗೆ ಸೇರಲಿಲ್ಲ ಎನ್ನುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಅವಳ ಪರವಾಗಿ ನಿಂತ ಎಳೆಯ ವಕೀಲ ಆಸ್ಪತ್ರೆಯ ಕಾಗದಗಳನ್ನು ಹೊರಗೆ ತೆಗೆಯುತ್ತಾನೆ. ಆ ಗಂಡ ವರ್ಷಗಟ್ಟಲೆ ಅವಳ ಮೈಮೇಲೆ ಮಾಡಿದ ಗಾಯಗಳ ಲೆಕ್ಕ ಅದರಲ್ಲಿದೆ. ನಮ್ಮ ಕೋರ್ಟಿನಲ್ಲೂ ಇದೇ ಕತೆ: ದಾಖಲೆ ಹಾಜರಾಗುವವರೆಗೆ ಸಾಕ್ಷಿ ಹೇಳಿದ್ದೆಲ್ಲ ತಿಕ್ಕಲು ಮಾತಾಗಿ ಕೇಳುತ್ತದೆ. 1979ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮೊದಲು ಆಡಿದ ಈ ನಾಟಕಕ್ಕೆ 1981ರಲ್ಲಿ, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇ ಮೆಟ್ಟಿಲು ಹತ್ತುವ ಮೊದಲೇ, ಪುಲಿಟ್ಜರ್ ಪ್ರಶಸ್ತಿ ಬಂತು.

ಪ್ರ: ನೀವು ಹೊಗಳಿದ ‘ದ ಲಿಟಲ್ ಫಾಕ್ಸಸ್’ನ ಹಳೇ ಸಿನಿಮಾ ನೋಡಿದೆ. ರೆಜಿನಾ ಕಟ್ಟಿಕೊಂಡ ಗಂಡನನ್ನು ಕಣ್ಣೆದುರೇ ಸಾಯಲು ಬಿಡುತ್ತಾಳೆ. ಆದರೂ ನನಗೆ ಅವಳ ಮೇಲೆ ಪೂರ್ತಿ ಸಿಟ್ಟು ಬರಲೇ ಇಲ್ಲ. ನನ್ನಲ್ಲೇ ಏನಾದರೂ ದೋಷವೇ?
— ಶಾಲಾ ಶಿಕ್ಷಕಿ, ಹಾವೇರಿ

ಉ: ದೋಷ ಎಲ್ಲಿಯದು ಅಕ್ಕಾರೆ? ಹಾಗಾಗಲಿ ಎಂದೇ ಲಿಲಿಯನ್ ಹೆಲ್ಮನ್ 1939ರಲ್ಲಿ ಅದನ್ನು ಬರೆದದ್ದು. ಅಲಬಾಮಾದ ತಾಯಿಯ ತವರಿನವರನ್ನು ನೋಡಿಯೇ ಈ ಹಬ್ಬರ್ಡ್ ಮನೆತನವನ್ನು ಕಟ್ಟಿದಳು. (ಅವರು ಇದನ್ನು ನೋಡಿ ಏನಂದರೋ!)

ಸಿನಿಮಾ ನೋಡದವರಿಗೆ ಕೇಸಿನ ಸಂಗತಿ. ಇಸವಿ 1900. ಬೆನ್, ಆಸ್ಕರ್ ಅಣ್ಣತಮ್ಮಂದಿರು, ರೆಜಿನಾ ತಂಗಿ. ಅಪ್ಪನ ದುಡ್ಡೆಲ್ಲ ಗಂಡುಮಕ್ಕಳಿಗೆ ಹೋಗಿದೆ. ಈಗ ಷಿಕಾಗೋದ ಸಾಹುಕಾರನ ಜೊತೆ ಸೇರಿ ಊರಲ್ಲೇ ಹತ್ತಿ ಗಿರಣಿ ಹಾಕುವ ಯೋಚನೆ. ತಲೆಗೆ 75,000 ಡಾಲರ್. ಅಣ್ಣಂದಿರ ಹಣ ತಯಾರಿದೆ. ರೆಜಿನಾಳ ಪಾಲು ಮಾತ್ರ ಗಂಡ ಹೊರೇಸ್‌ನ ಕೈಯಿಂದ ಬರಬೇಕು, ಅವನು ಹೃದಯದ ಕಾಯಿಲೆಯಾಗಿ ಬಾಲ್ಟಿಮೋರ್‌ನ ಆಸ್ಪತ್ರೆ ಸೇರಿದ್ದಾನೆ. ಹಣ ತಡವಾಗುತ್ತಿದೆ ಎಂದು ಅಣ್ಣಂದಿರು ಚಡಪಡಿಸುವಾಗ ಇವಳು ಮೂರರಲ್ಲೊಂದು ಸಾಲದು, ಶೇಕಡಾ 40 ಬೇಕು ಎನ್ನುತ್ತಾಳೆ. ಬೆನ್ ಒಪ್ಪುತ್ತಾನೆ, ಆದರೆ ಆ ಹೆಚ್ಚಿನದನ್ನು ಕಿತ್ತುಕೊಡುವುದು ಆಸ್ಕರನ ಪಾಲಿನಿಂದ! ಹೊರೇಸ್ ದುಡ್ಡು ಕೊಡುವುದಿಲ್ಲ ಎಂದಾಗ, ಅವನದೇ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಆಸ್ಕರನ ಮಗ ಪೆಟ್ಟಿಗೆಯಿಂದ 88,000 ಡಾಲರಿನ ರೈಲ್ವೆ ಬಾಂಡುಗಳನ್ನು ಎತ್ತುತ್ತಾನೆ. ಹೊರೇಸ್‌ಗೆ ಗೊತ್ತಾಗುತ್ತದೆ. ಪೊಲೀಸರಿಗೆ ಹೇಳುವುದಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹೇಳುತ್ತಾನೆ: ಅದು ನಾನೇ ಕೊಟ್ಟ ಸಾಲ ಎನ್ನುತ್ತೇನೆ, ಹೊಸ ಮೃತ್ಯುಪತ್ರ ಬರೆಸುತ್ತೇನೆ, ನಿನಗೆ ಸಿಗುವುದು ಆ ಬಾಂಡುಗಳಷ್ಟೇ. ಅಷ್ಟರಲ್ಲಿ ಎದೆ ಹಿಡಿಯುತ್ತದೆ. ಔಷಧದ ಶೀಶೆ ಬಿದ್ದು ಒಡೆಯುತ್ತದೆ. ಇನ್ನೊಂದು ಶೀಶೆ ಮಹಡಿಯ ಮೇಲಿದೆ. ರೆಜಿನಾ ಕುಳಿತಲ್ಲಿಂದ ಏಳುವುದಿಲ್ಲ. ಅವನು ಮೆಟ್ಟಿಲು ಹತ್ತಲು ಹೋಗಿ ಕುಸಿಯುತ್ತಾನೆ. ಅವನು ಸತ್ತ ಮೇಲೆ ಕಳವಿನ ಗುಟ್ಟು ಹಿಡಿದುಕೊಂಡು ಅಣ್ಣಂದಿರ ಹತ್ತಿರ ಶೇಕಡಾ 75 ಕಕ್ಕಿಸುತ್ತಾಳೆ.

ಅಪ್ಪ ಮಗಳಿಗೂ ಒಂದು ಪಾಲು ಕೊಟ್ಟಿದ್ದರೆ ರೆಜಿನಾ ಸಾಧ್ವಿಯಾಗುತ್ತಿದ್ದಳು ಎಂದು ನಾನು ಪ್ರಮಾಣ ಮಾಡಲಾರೆ. ಅಣ್ಣಂದಿರಿಗೆ ಪಾಲು ಸಿಕ್ಕಿತ್ತಲ್ಲ, ಅವರೇನು ಸಾಧುಗಳಾದರೆ? ಆದರೆ ದುರಾಸೆಯ ಅಣ್ಣನನ್ನು ಊರು ‘ವ್ಯವಹಾರಸ್ಥ’ ಎನ್ನುತ್ತದೆ, ತಂಗಿಗೆ ಅದೇ ದುರಾಸೆ ತೀರಿಸಿಕೊಳ್ಳಲು ಗಂಡನ ಹೆಣ ದಾಟಿ ಹೋಗುವ ದಾರಿಯೊಂದೇ ಉಳಿಯುತ್ತದೆ. ನಿಮಗೆ ಸಿಟ್ಟು ಬಾರದ್ದು ಅದಕ್ಕೇ ಇರಬೇಕು.

ಇನ್ನೊಂದು. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ 2005ರ ತಿದ್ದುಪಡಿ, ಇವೆರಡರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮ. ಆದರೆ ಹಬ್ಬರ್ಡ್ ಅಪ್ಪನಂಥವನು ಹಾವೇರಿಯಲ್ಲಿದ್ದರೂ ಸ್ವಯಾರ್ಜಿತವನ್ನೆಲ್ಲ ಗಂಡುಮಕ್ಕಳ ಹೆಸರಿಗೇ ಮೃತ್ಯುಪತ್ರ ಬರೆಯಬಹುದು. ಛಾಪಾ ಕಾಗದ ಕೂಡ ಬೇಡ, ಇಬ್ಬರು ಸಾಕ್ಷಿಗಳು ಸಾಕು. ಮುಂದಿನ ಸಲ ಈ ಸಿನಿಮಾ ನೋಡಿದರೆ ಆಸ್ಕರನ ಹೆಂಡತಿ ಬರ್ಡಿಯ ಮೇಲೆ ಕಣ್ಣಿಡಿ. ಹಳೇ ಜಮೀನ್ದಾರರ ಮಗಳು, ಪಿಯಾನೋ ನುಡಿಸುವವಳು. ಆಸ್ಕರ್ ತನ್ನನ್ನು ಮದುವೆಯಾದದ್ದು ತವರಿನ ಹತ್ತಿ ಹೊಲಗಳಿಗಾಗಿ ಎಂಬುದು ಅವಳಿಗೆ ಗೊತ್ತು. ಕದ್ದು ಕುಡಿಯುತ್ತಾಳೆ. ಹೊಲದ ಜೊತೆ ಪಾಲಿಗೆ ಬಂದ ಸಾಮಾನಿನ ಹಾಗೆ ಆ ಮನೆಯಲ್ಲಿ ಬಿದ್ದಿದ್ದಾಳೆ.

ಪ್ರ: ಆಸ್ತಿ ಜಗಳದ ನಾಟಕ ನೋಡಿದರೆ ನಮ್ಮ ಮನೆಯ ಜಗಳ ಮುಗಿದೀತೇ?
— ಹೆಸರು ಬೇಡ ಎಂದವರು, ಗದಗ

ಉ: ಇಲ್ಲ. ಟಿಕೆಟ್ಟಿನ ದುಡ್ಡು ಯಾರು ಕೊಡಬೇಕೆಂದು ಇನ್ನೊಂದು ಶುರುವಾಗುತ್ತದೆ.

ಪ್ರ: ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನಲ್ಲಿ ಸ್ಟ್ಯಾನ್ಲಿ ‘ನೆಪೋಲಿಯನ್ ಸಂಹಿತೆ’ ಎಂದು ಗುಡುಗುತ್ತಾನೆ. ಆ ವಾದ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಸರ್?
— ಕಿರಿಯ ವಕೀಲ, ಮೈಸೂರು

ಉ: ಇಂಥ ಪ್ರಶ್ನೆಗೆ ಕಾಯುತ್ತಿದ್ದೆ, ತಮ್ಮಾ. ಟೆನೆಸ್ಸಿ ವಿಲಿಯಮ್ಸ್‌ನ ಈ ನಾಟಕ 1947ರದು. ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಟ್ಯಾನ್ಲಿಯ ಇಕ್ಕಟ್ಟಿನ ಮನೆಗೆ ಅವನ ಹೆಂಡತಿಯ ಅಕ್ಕ ಬ್ಲಾಂಷ್ ಬಂದು, ತವರಿನ ಬೆಲ್ ರೀವ್ ಎಸ್ಟೇಟು ಕೈಬಿಟ್ಟಿತು ಎನ್ನುತ್ತಾಳೆ. ಇವಳೇ ಮಾರಿ ತಿಂದಿದ್ದಾಳೆ ಎಂದು ಸ್ಟ್ಯಾನ್ಲಿಗೆ ಗುಮಾನಿ. ಲೂಸಿಯಾನಾ ಕಾನೂನಿನಲ್ಲಿ ಹೆಂಡತಿಯದೆಲ್ಲ ಗಂಡನದೂ ಹೌದು, ಅವಳಿಗೆ ಮೋಸವಾದರೆ ನನಗೂ ಮೋಸ ಎಂದು ವಾದ ಹೂಡುತ್ತಾನೆ.

ನಾನು ಎದುರುಪಕ್ಷದ ವಕೀಲನಾಗಿದ್ದರೆ ನಗುತ್ತ ಏಳುತ್ತಿದ್ದೆ. ಫ್ರಾನ್ಸ್ ಲೂಸಿಯಾನಾವನ್ನು ಅಮೆರಿಕಕ್ಕೆ ಮಾರಿದ್ದು 1803ರಲ್ಲಿ, ಫ್ರಾನ್ಸಿನ ಸಿವಿಲ್ ಕಾನೂನಾದ ನೆಪೋಲಿಯನ್ ಸಂಹಿತೆ ಹೊರಬಿದ್ದದ್ದು 1804ರಲ್ಲಿ. ಆ ಸಂಹಿತೆ ಅಲ್ಲಿ ನೇರವಾಗಿ ಜಾರಿಯಾಗಲೇ ಇಲ್ಲ, ಫ್ರೆಂಚ್-ಸ್ಪ್ಯಾನಿಷ್ ಕಾನೂನುಗಳ ಧಾಟಿಯಲ್ಲಿ ಆ ರಾಜ್ಯ ತನ್ನದೇ ಸಂಹಿತೆ ಮಾಡಿಕೊಂಡಿತು. ಮದುವೆಯಾದ ಮೇಲೆ ದಂಪತಿ ಗಳಿಸಿದ್ದು ಜಂಟಿ ಆಸ್ತಿ, ಅದಕ್ಕೆ ಗಂಡನೇ ಯಜಮಾನ ಎಂಬ ನಿಯಮ 1970ರ ದಶಕದ ಕೊನೆಯವರೆಗೂ ಇತ್ತು ನಿಜ. ಆದರೆ ಹೆಂಡತಿಗೆ ತವರಿನಿಂದ ಬಂದ ಆಸ್ತಿ ಅವಳದೇ. ಸಾಲದ್ದಕ್ಕೆ ಬೆಲ್ ರೀವ್ ಇದ್ದದ್ದು ಮಿಸಿಸಿಪ್ಪಿಯ ಲಾರೆಲ್‌ನಲ್ಲಿ, ಸ್ಥಿರಾಸ್ತಿಗೆ ಅದಿರುವ ಜಾಗದ ಕಾನೂನು. ಸ್ಟ್ಯಾನ್ಲಿಯ ದಾವೆ ಖರ್ಚಿನ ಸಮೇತ ವಜಾ.

ಆದರೂ ಅವನು ಮಾಡಿದ ಒಂದು ಕೆಲಸ ಸರಿ: ಕಾಗದ ತೋರಿಸು ಎಂದ. ಬ್ಲಾಂಷ್ ತೋರಿಸುತ್ತಾಳೆ. ಅಡಮಾನದ ಪತ್ರಗಳು ಪೆಟ್ಟಿಗೆ ತುಂಬ. ಅಜ್ಜ, ಅಪ್ಪ, ಚಿಕ್ಕಪ್ಪಂದಿರ ಚಟಕ್ಕೆ ಹೊಲ ಕರಗಿ ಕೊನೆಗೆ ಉಳಿದದ್ದು ಮನೆ, ಒಂದು ಸ್ಮಶಾನ, ಸುಮಾರು ಇಪ್ಪತ್ತು ಎಕರೆ. ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದಾಗ ಟೀಚರಮ್ಮನ ಸಂಬಳದಲ್ಲಿ ಅವರನ್ನು ನೋಡಿಕೊಂಡವಳು ಇವಳು. ತಂಗಿ ಬಂದದ್ದು ಮಣ್ಣಿಗೆ ಮಾತ್ರ. ಊರಲ್ಲುಳಿದು ಹೇಲು-ಉಚ್ಚೆ ಬಳಿದವರನ್ನು ಹೊರಗಿದ್ದವರು ಲೆಕ್ಕ ಕೇಳುವ ದೃಶ್ಯ! ನೀವು ಇನ್ನೂ ಚಿಕ್ಕವರು. ಕಕ್ಷಿದಾರರು ಮುಂದೆ ಬಹಳ ಸಲ ನಿಮಗಿದನ್ನು ತೋರಿಸುತ್ತಾರೆ.

ಪ್ರ: ನಮ್ಮ ತಂಡ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ಅನ್ನು ಕನ್ನಡಕ್ಕೆ ತರಬೇಕೆಂದಿದೆ. ಪುಸ್ತಕದಲ್ಲಿ ಮೂರನೇ ಅಂಕ ಎರಡಿವೆ. ಯಾವುದನ್ನು ಹಿಡಿಯಲಿ? ಬ್ರಿಕ್ ಮತ್ತು ಗೆಳೆಯನ ವಿಷಯ ನಮ್ಮ ಕಡೆ ನಡೆಯಲಿಕ್ಕಿಲ್ಲ, ಬಿಡಬಹುದೇ?
— ನಿರ್ದೇಶಕರು, ಶಿರಸಿ

ಉ: ಎರಡನೆಯದಕ್ಕೆ ಮೊದಲು ಉತ್ತರ: ಬಿಟ್ಟರೆ ನಾಟಕವೇ ಬೀಳುತ್ತದೆ. ಯಾಕೆಂದರೆ ಆ ಆಸ್ತಿಯ ಮೂಲಪತ್ರವೇ ಅಲ್ಲಿದೆ.

ಟೆನೆಸ್ಸಿ ವಿಲಿಯಮ್ಸ್‌ನದೇ ಈ ನಾಟಕದಲ್ಲಿ ಮನೆಯ ಯಜಮಾನ ಬಿಗ್ ಡ್ಯಾಡಿಗೆ ಅರವತ್ತೈದರ ಹುಟ್ಟುಹಬ್ಬ. ಮಿಸಿಸಿಪ್ಪಿ ಬಯಲಿನಲ್ಲಿ 28,000 ಎಕರೆ, ಮೇಲೆ ಒಂದು ಕೋಟಿ ಡಾಲರಿನ ಹತ್ತಿರ ನಗದು-ಷೇರು. ಅವನಿಗೆ ಕ್ಯಾನ್ಸರು ಎಂಬುದು ಅವನನ್ನು ಬಿಟ್ಟು ಮಕ್ಕಳಿಗೆಲ್ಲ ಗೊತ್ತು. ಹಿರಿಮಗ ಗೂಪರ್ ವಕೀಲ (ಕ್ಷಮಿಸಿ, ನಮ್ಮವನೇ), ಟ್ರಸ್ಟಿನ ಕರಡನ್ನು ಮೊದಲೇ ಬರೆದು ತಂದಿದ್ದಾನೆ. ಐದು ಮಕ್ಕಳು, ಆರನೆಯದು ಹೊಟ್ಟೆಯಲ್ಲಿ. ಮುದ್ದಿನ ಕಿರಿಮಗ ಬ್ರಿಕ್ ಕುಡುಕ, ಮಕ್ಕಳಿಲ್ಲ, ಹೆಂಡತಿ ಮ್ಯಾಗಿಯ ಪಕ್ಕ ಮಲಗುವುದೂ ಇಲ್ಲ. ಸತ್ತುಹೋದ ಗೆಳೆಯ ಸ್ಕಿಪ್ಪರ್‌ನ ಹೆಸರೆತ್ತಿದರೆ ಕೆರಳುತ್ತಾನೆ; ಅವರಿಬ್ಬರದು ಬರೀ ಗೆಳೆತನವೋ, ಪ್ರೇಮವೋ ಎಂಬ ಅನುಮಾನ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನೀವು ಹುಡುಕಬೇಕಾದದ್ದು, ಆ 28,000 ಎಕರೆ ಮುದುಕನಿಗೆ ಬಂದದ್ದು ಹೇಗೆ ಎಂಬುದನ್ನು. ಅದು ಅವನ ಅಪ್ಪನದಲ್ಲ. ಜ್ಯಾಕ್ ಸ್ಟ್ರಾ, ಪೀಟರ್ ಒಚೆಲೊ ಎಂಬಿಬ್ಬರು ಗಂಡಸರು ಬಾಳಿನುದ್ದ ಒಟ್ಟಿಗೆ ಸಂಸಾರದಂತೆ ಇದ್ದ ತೋಟ. ಇವನು ಅವರ ಮೇಸ್ತ್ರಿಯಾಗಿದ್ದ. ಸ್ಟ್ರಾ ಸತ್ತ ಮೇಲೆ ಒಚೆಲೊ ಅನ್ನ ಬಿಟ್ಟು ಸತ್ತ. ತೋಟ ಮೇಸ್ತ್ರಿಯ ಕೈಗೆ ಬಂತು. ನಾಟಕವೆಲ್ಲ ನಡೆಯುವುದು ಅವರಿಬ್ಬರ ಮಲಗುವ ಕೋಣೆಯಲ್ಲಿ, ಅವರ ಮಂಚದ ಸುತ್ತ. ಆ ಮಂಚದ ಮೇಲೆ ಮ್ಯಾಗಿ ವಾರಸುದಾರನನ್ನು ಹುಟ್ಟಿಸಲು ಹಟ ಹಿಡಿದಿದ್ದಾಳೆ. ಇದನ್ನೆಲ್ಲ ಅಳಿಸಿದರೆ ನಿಮಗೆ ಉಳಿಯುವುದು ಒಂದು ಸಾದಾ ಧಾರಾವಾಹಿ.

ಮೂರನೇ ಅಂಕದ್ದು ಹೀಗೆ: 1955ರಲ್ಲಿ ಆಡಿಸಿದ ನಿರ್ದೇಶಕ ಎಲಿಯಾ ಕಜಾನ್ ಬಿಗ್ ಡ್ಯಾಡಿ ಮತ್ತೆ ರಂಗಕ್ಕೆ ಬರಲೇಬೇಕೆಂದ. ವಿಲಿಯಮ್ಸ್ ಬರೆದುಕೊಟ್ಟ, ಒಳಗೇ ಕುದಿದು ಪುಸ್ತಕದಲ್ಲಿ ಎರಡನ್ನೂ ಅಚ್ಚು ಹಾಕಿಸಿದ. ನಾನಾದರೆ ಮೊದಲಿನದನ್ನೇ ಆಡಿಸುತ್ತೇನೆ. ಮುದುಕ ಎರಡನೇ ಅಂಕದಲ್ಲಿ ಸತ್ಯ ತಿಳಿದು ಹೊರಗೆ ಹೋದವನು ಹೋದನೇ. ಆಮೇಲೆ ಒಳಗಿನಿಂದ ಕೇಳುವುದು ಅವನ ನೋವಿನ ಕೂಗೊಂದೇ, ಹೊರಗೆ ಮಕ್ಕಳು ಕರಡು ಓದುತ್ತಿರುತ್ತಾರೆ.

ಮತ್ತೆ ಹಕ್ಕು ಪಡೆಯದೆ ಆಡಬೇಡಿ. ವಿಲಿಯಮ್ಸ್ ತೀರಿಕೊಂಡದ್ದು 1983ರಲ್ಲಿ, ನಮ್ಮ ಕಾಯ್ದೆಯಂತೆ ಲೇಖಕ ಸತ್ತು 60 ವರ್ಷ, ಅಂದರೆ 2043ರ ಕೊನೆಯವರೆಗೆ ಕೃತಿಸ್ವಾಮ್ಯವಿದೆ. ಅವನ ಸ್ವಂತ ಮೃತ್ಯುಪತ್ರವೂ ಒಳ್ಳೇ ಓದು. ‘ದ ಗ್ಲಾಸ್ ಮೆನಾಜರಿ’ಯ ಗೌರವಧನದ ಅರ್ಧವನ್ನು ಬದುಕಿದ್ದಾಗಲೇ ತಾಯಿಗೆ ಬರೆದುಕೊಟ್ಟಿದ್ದ; ಆ ನಾಟಕದ ಅಮಾಂಡಾ ಬಹುಪಾಲು ಆ ತಾಯಿಯೇ. ಮೆದುಳಿನ ಶಸ್ತ್ರಚಿಕಿತ್ಸೆಯಿಂದ ಬದುಕು ಹಾಳಾಗಿದ್ದ ಅಕ್ಕ ರೋಸ್‌ಳ ಆರೈಕೆಗೆ ಹಣ ತೆಗೆದಿಟ್ಟ. ಅವಳು 1996ರವರೆಗೆ ಬದುಕಿದಳು. ಉಳಿದದ್ದು, ನಾಟಕಗಳ ಹಕ್ಕು ಸೇರಿ, ಅಜ್ಜನ ನೆನಪಿಗೆ ಟೆನೆಸ್ಸಿ ರಾಜ್ಯದ ಸೆವಾನಿ ವಿಶ್ವವಿದ್ಯಾಲಯಕ್ಕೆ.

ಪ್ರ: ಈ ನಾಟಕಗಳಲ್ಲಿ ಕಲಾವಿದರೆಲ್ಲ ಸೋತವರೇ. ಗೆದ್ದ ಕಲಾವಿದ ಒಬ್ಬನೂ ಇಲ್ಲವೇ?
— ಚಿತ್ರಕಲಾ ಮೇಷ್ಟ್ರು, ದಾವಣಗೆರೆ

ಉ: ಲೆಕ್ಕ ಸರಿಯಾಗಿದೆ ಮೇಷ್ಟ್ರೇ. ಬರ್ಡಿ ಪಿಯಾನೋ ಬಿಟ್ಟು ಶೀಶೆ ಹಿಡಿದಳು. ಹೆನ್ಲಿಯ ನಡುವಿನ ಸೋದರಿ ಮೆಗ್ ಹಾಡಲು ಹಾಲಿವುಡ್ಡಿಗೆ ಹೋಗಿ ನಾಯಿ ತಿನಿಸಿನ ಕಂಪನಿಯಲ್ಲಿ ಗುಮಾಸ್ತಿಕೆ ಮಾಡುತ್ತಾಳೆ, ಅಜ್ಜನಿಗೆ ಸುಳ್ಳು ಹೇಳುತ್ತಾಳೆ. ಗೆದ್ದವನನ್ನು ತೋರಿಸುತ್ತೇನೆ. ಆದರೆ ನಾಟಕ ಶುರುವಾಗುವ ಎಷ್ಟೋ ಮೊದಲೇ ಅವನು ಸತ್ತಿದ್ದಾನೆ, ಅವನು ಗುಲಾಮ.

ಆಗಸ್ಟ್ ವಿಲ್ಸನ್‌ನ ‘ದ ಪಿಯಾನೋ ಲೆಸನ್’, 1990ರ ಪುಲಿಟ್ಜರ್. ಕತೆ ನಡೆಯುವುದು 1936ರಲ್ಲಿ, ಉತ್ತರದ ಪಿಟ್ಸ್‌ಬರ್ಗ್‌ನಲ್ಲಿ, ಬೇರು ಮಿಸಿಸಿಪ್ಪಿಯಲ್ಲಿ. ಗುಲಾಮಗಿರಿಯ ಕಾಲದಲ್ಲಿ ಸಟ್ಟರ್ ಎಂಬ ಬಿಳಿ ಜಮೀನ್ದಾರ ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಪಿಯಾನೋ ತರಬೇಕಿತ್ತು. ದುಡ್ಡಿರಲಿಲ್ಲ. ತನ್ನ ಗುಲಾಮರಲ್ಲಿ ಒಂದು ಹೆಂಗಸು, ಅವಳ ಒಂಬತ್ತು ವರ್ಷದ ಹುಡುಗ, ಇಬ್ಬರನ್ನು ಕೊಟ್ಟು ತಂದ. ಲೆಕ್ಕ ‘ಒಂದೂವರೆ ಆಳು’. ಸ್ವಲ್ಪ ದಿನಕ್ಕೆ ಯಜಮಾನಿಗೆ ಆ ಹೆಂಗಸಿಲ್ಲದೆ ಬೇಸರವಾಯಿತು. ಆಗ ಸಟ್ಟರ್ ಆ ಹೆಂಗಸಿನ ಗಂಡನನ್ನೇ ಕರೆದ. ಅವನು ಒಳ್ಳೇ ಬಡಗಿ. ಪಿಯಾನೋ ಮೇಲೆ ಅವರಿಬ್ಬರ ಮುಖ ಕೆತ್ತು ಎಂದ. ಬಡಗಿ ಹೆಂಡತಿಯನ್ನು ಕೆತ್ತಿದ, ಮಗನನ್ನು ಕೆತ್ತಿದ. ಅಲ್ಲಿಗೆ ನಿಲ್ಲಲಿಲ್ಲ. ಅಪ್ಪ, ಅಮ್ಮ, ತನ್ನ ಮದುವೆ, ಮಗ ಹುಟ್ಟಿದ್ದು, ಮಣ್ಣುಮಾಡಿದ್ದು, ಮನೆತನದ ಕತೆಯನ್ನೆಲ್ಲ ಕೆತ್ತಿಬಿಟ್ಟ. ಯಾವ ಉತಾರದಲ್ಲೂ (ಪಹಣಿಯಲ್ಲೂ) ಹೆಸರಿಲ್ಲದ ಮನೆತನ ಯಜಮಾನನ ಪಿಯಾನೋ ಮೇಲೆ ದಾಖಲಾಯಿತು.

ಆ ಪಿಯಾನೋವನ್ನು ಅವನ ಮೊಮ್ಮಗ 1911ರ ಜುಲೈ 4ರಂದು, ಬಿಳಿಯರು ಸ್ವಾತಂತ್ರ್ಯ ದಿನದ ಊಟಕ್ಕೆ ಹೋಗಿದ್ದಾಗ, ಹೊತ್ತೊಯ್ದ. ಬೆನ್ನಟ್ಟಿ ಬಂದವರು ಅವನಿದ್ದ ರೈಲು ಡಬ್ಬಿಗೆ ಬೆಂಕಿ ಇಟ್ಟರು. ಅವನ ಮಕ್ಕಳೇ ನಾಟಕದ ಅಕ್ಕ-ತಮ್ಮ. ತಮ್ಮ ಬಾಯ್ ವಿಲ್ಲಿ ಲಾರಿ ತುಂಬ ಕಲ್ಲಂಗಡಿ ಹೇರಿಕೊಂಡು ಬಂದಿದ್ದಾನೆ. ಹಣ್ಣು ಮಾರಿ, ಪಿಯಾನೋ ಮಾರಿ, ತನ್ನವರು ಗುಲಾಮರಾಗಿ ದುಡಿದ ಅದೇ ಸಟ್ಟರ್ ಹೊಲವನ್ನು ಕೊಳ್ಳಬೇಕು. ಅಕ್ಕ ಬರ್ನೀಸ್ ಕೊಡುವುದಿಲ್ಲ. ಹದಿನೇಳು ವರ್ಷ ಅಮ್ಮ ಅದನ್ನು ಉಜ್ಜಿದ್ದಾಳೆ, ಕೈಯಲ್ಲಿ ರಕ್ತ ಬರುವವರೆಗೆ.

ತೀರ್ಪು ಬರೆಯಿರಿ ನೋಡೋಣ! ಹಾಡು ಕೇಳಿಸದ ಮರದ ಪೆಟ್ಟಿಗೆಯಿಂದ ಹೊಟ್ಟೆ ತುಂಬುತ್ತದೆಯೇ, ಹೊಲ ಕೊಳ್ಳದವನು ಯಾವಾಗಲೂ ಕೂಲಿಯೇ ಅಲ್ಲವೇ ಎಂಬ ತಮ್ಮನ ವಾದದಲ್ಲಿ ತಪ್ಪೇ ಸಿಗುವುದಿಲ್ಲ. ನಾನು ಓದುವಾಗಲೆಲ್ಲ ಮೊದಲರ್ಧ ಅವನ ಕಡೆಗಿರುತ್ತೇನೆ. ಕೊನೆಯಲ್ಲಿ ವಿಲ್ಸನ್ ಅಕ್ಕನ ಕೈಯಲ್ಲಿ ಪಿಯಾನೋ ನುಡಿಸಿ ಪೂರ್ವಜರನ್ನು ಕೂಗಿ ಕರೆಸುತ್ತಾನೆ. ತಮ್ಮ ಬರಿಗೈಯಲ್ಲಿ ಊರಿಗೆ ಹೊರಡುತ್ತಾನೆ. ಆ ನುಡಿಸಾಣಿಕೆಯ ಮುಂದೆ ಯಾವ ವಾದ ನಿಂತೀತು? ನಿಮ್ಮ ಕಸುಬಿಗೆ ಹತ್ತಿರದ ಸಂಗತಿ: ವಿಲ್ಸನ್‌ಗೆ ಇದರ ಬೀಜ ಸಿಕ್ಕಿದ್ದು ರೊಮೇರ್ ಬೇರ್ಡನ್ ಎಂಬ ಕಲಾವಿದನ ಇದೇ ಹೆಸರಿನ ಚಿತ್ರದಲ್ಲಿ. 2024ರ ಸಿನಿಮಾ ನೆಟ್‌ಫ್ಲಿಕ್ಸ್‌ನಲ್ಲಿದೆ, ಕೆತ್ತನೆಯನ್ನು ಹತ್ತಿರದಿಂದ ನೋಡಬಹುದು.

ಪ್ರ: ನಾವು ಟೆಕ್ಸಸ್‌ನಲ್ಲಿದ್ದೇವೆ. ಈ ಕಡೆಯದೊಂದು ನಾಟಕ ಹೇಳಿ, ಅತ್ತೆ-ಮಾವ ಬಂದಾಗ ನಗುತ್ತ ಓದುವಂಥದ್ದು.
— ಓದುಗರು, ಹ್ಯೂಸ್ಟನ್

ಉ: ಹಾರ್ಟನ್ ಫುಟ್‌ನ ‘ಡಿವೈಡಿಂಗ್ ದ ಎಸ್ಟೇಟ್’. ಅತ್ತೆ-ಮಾವನ ಮುಂದೆ ಓದುವ ಧೈರ್ಯ ನಿಮ್ಮದು! 1987, ತೈಲದ ಬೆಲೆ ಕುಸಿದಿದೆ. ಅಮ್ಮ ಸ್ಟೆಲ್ಲಾ ಆಸ್ತಿ ಒಡೆಯಲು ಬಿಡುವುದಿಲ್ಲ, ಮಕ್ಕಳು ಪಾಲಿನ ಲೆಕ್ಕದಲ್ಲಿ ಮೊದಲೇ ಸಾಲ ಎತ್ತಿ ತಿಂದು ಕೂತಿದ್ದಾರೆ. ನಿಮ್ಮ ಹ್ಯೂಸ್ಟನ್ನಿನ ರಿಯಲ್ ಎಸ್ಟೇಟ್ ಅಳಿಯನೂ ಒಬ್ಬನಿದ್ದಾನೆ, ಮನೆ ಒಂದೂ ಮಾರಾಟವಾಗುತ್ತಿಲ್ಲ. ಅಮ್ಮ ಸತ್ತಳು, ಇನ್ನು ಹಂಚಿಕೊಳ್ಳೋಣ ಎಂದರೆ ತೆರಿಗೆ, ಸಾಲ ಕಳೆದು ಕೈಗೇನೂ ಬರುವಂತಿಲ್ಲ. ಬೇರೆಯಾಗಲು ಹಾತೊರೆದವರೆಲ್ಲ ಒಂದೇ ಸೂರಿನಡಿ ಕೂಡಿ ಬಾಳಬೇಕಾಗುತ್ತದೆ. ನಾಟಕದ ಹ್ಯಾರಿಸನ್ ಎಂಬ ಊರು ನಿಜದಲ್ಲಿ ಫುಟ್‌ನ ಹುಟ್ಟೂರು ವಾರ್ಟನ್, ನಿಮ್ಮಿಂದ ದೂರವೇನಲ್ಲ.

ಪ್ರ: ಇಷ್ಟೆಲ್ಲ ಪಾಲು ಹಂಚುವಾಗ ಆ ಹೊಲದಲ್ಲಿ ದುಡಿದವರಿಗೆ, ಆ ಅಡುಗೆಮನೆಯಲ್ಲಿ ಬೇಯಿಸಿದವರಿಗೆ ಪಾಲು ಕೇಳುವ ನಾಟಕ ಯಾವುದೂ ಇಲ್ಲವೇ? ನೀವು ಹೇಳುವ ದೊಡ್ಡ ನಾಟಕಗಳಲ್ಲಿ ಅವರು ತಟ್ಟೆ ತಂದಿಟ್ಟು ಹೋಗುತ್ತಾರೆ.
— ಓದುಗರು, ಕೋಲಾರ

ಉ: ಹೋಗುತ್ತಾರೆ. ಫುಟ್‌ನ ನಾಟಕದಲ್ಲಿ ಮನೆಯ ಆಳು, ತೊಂಬತ್ತೆರಡರ ಡಗ್ ಕೈ ನಡುಗಿದರೂ ನಾನೇ ಬಡಿಸುತ್ತೇನೆ ಎನ್ನುತ್ತಾನೆ. ‘ಲಿಟಲ್ ಫಾಕ್ಸಸ್’ನಲ್ಲಿ ಕೆಲಸದ ಆ್ಯಡಿ, ಭೂಮಿಯನ್ನೇ ತಿನ್ನುವ ಜನ ಇದ್ದಾರೆ, ಸುಮ್ಮನೆ ನಿಂತು ನೋಡುವವರೂ ಇದ್ದಾರೆ ಎಂಬರ್ಥದ ಮಾತು ಹೇಳುತ್ತಾಳೆ. ಆ ನಾಟಕದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ, ಆದರೂ ಗಿರಣಿಯ ಷೇರು ಅವಳದಲ್ಲ.

ನಿಮ್ಮ ಪ್ರಶ್ನೆಯನ್ನು ತಿರುಗಿಸಿ ಕೇಳಿದವನು ಬ್ರ್ಯಾಂಡನ್ ಜೇಕಬ್ಸ್-ಜೆಂಕಿನ್ಸ್ ಎಂಬ ಕಪ್ಪು ಲೇಖಕ. ‘ಅಪ್ರೋಪ್ರಿಯೇಟ್’ ಮೊದಲು ಆಡಿದ್ದು 2013ರಲ್ಲಿ. 2023ರ ಕೊನೆಗೆ ಬ್ರಾಡ್‌ವೇಗೆ ಬಂದು ಮರುವರ್ಷ ಟೋನಿ ಎಂಬ ರಂಗಪ್ರಶಸ್ತಿ ಪಡೆಯಿತು. ಅರ್ಕನ್ಸಾದ ಹಳೇ ತೋಟದ ಮನೆಗೆ ಸತ್ತ ಅಪ್ಪನ ಸಾಮಾನು ವಿಲೇವಾರಿ ಮಾಡಲು ಮೂವರು ಬಿಳಿ ಮಕ್ಕಳು ಬರುತ್ತಾರೆ. ಕಸದ ನಡುವೆ ಒಂದು ಆಲ್ಬಂ ಸಿಗುತ್ತದೆ. ಒಳಗಿರುವುದು ಗುಂಪುಗೂಡಿ ಕೊಂದು ತೂಗುಹಾಕಿದ ಕಪ್ಪು ಜನರ ಫೋಟೋಗಳು. ಅಪ್ಪ ಅಂಥವನಲ್ಲ ಎಂದು ಮಗಳು ಕಿರುಚಾಡುತ್ತಾಳೆ. ಆಮೇಲೆ ಇಂಥ ಫೋಟೋಗಳಿಗೆ ಗಿರಾಕಿಗಳಿದ್ದಾರೆ, ಕೈತುಂಬ ಬೆಲೆಯಿದೆ ಎಂದು ಗೊತ್ತಾಗುತ್ತದೆ. ಅಲ್ಲಿಂದ ಅದೂ ಹಂಚಬೇಕಾದ ಆಸ್ತಿಯೇ! ಇಡೀ ನಾಟಕದಲ್ಲಿ ಕಪ್ಪು ಪಾತ್ರ ಒಂದೂ ಇಲ್ಲ, ಬೇಕೆಂದೇ ಇಟ್ಟಿಲ್ಲ. ಅವರ ಗೋರಿಗಳು ಕೆರೆಯ ಪಕ್ಕ ಇವೆ, ಅವು ಇರುವುದರಿಂದ ಜಾಗ ಮಾರುವುದು ಕಷ್ಟ ಎಂಬ ಚರ್ಚೆ ನಡೆಯುತ್ತದೆ. ಅವರಿಗೆ ಪಾಲು ಕೊಡಿಸುವ ದೃಶ್ಯವನ್ನು ಇವನೂ ಬರೆದಿಲ್ಲ. ಬರೆಯದೆ ಬಿಟ್ಟದ್ದು ಸರಿ ಎಂದು ನನ್ನ ವಾದ. ನೀವು ಪುಸ್ತಕ ತರಿಸಿ ಓದಿ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.